ಜ್ಞಾಪಕಶಕ್ತಿಯ ವೃದ್ಧಿ ಹೇಗೆ?

ಇಟ್ಟಂಗಿಹಾಳದಲ್ಲಿ ನನ್ನ ಬಳಿ ಓದುವ ಹುಡುಗನೊಬ್ಬ ಪಾಠವನ್ನು ಹತ್ತು ಬಾರಿ ಓದಿಯೂ ವಾರದೊಳಗೆ ಮರೆಯುತ್ತಿದ್ದ. ತಾಯಿ ಸಾಲ ಮಾಡಿ ನೆನಪಿನ ಟಾನಿಕ್ ತಂದಿದ್ದರು. ದೋಷ ಬುದ್ಧಿಯದಲ್ಲ, ಓದುವ ಕ್ರಮದ್ದು.

2006ರಲ್ಲಿ ಅಮೆರಿಕದ ವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ ಇದನ್ನೇ ವಿದ್ಯಾರ್ಥಿಗಳಲ್ಲಿ ಪರೀಕ್ಷಿಸಿದರು. ಐದು ನಿಮಿಷದ ಬಳಿಕ ಕೇಳಿದಾಗ, ಪಾಠವನ್ನು ಪುನಃ ಓದಿದವರೇ ಮುಂದಿದ್ದರು. ವಾರದ ಬಳಿಕ ಅವರಿಗೆ ನೆನಪಿದ್ದುದು ಶೇಕಡಾ 42. ಪುನಃ ಓದದೆ, ನೆನಪಿನಿಂದಲೇ ಬರೆದು ನೋಡಿದವರಿಗೆ ಶೇಕಡಾ 56.

ಹಿಫ್ಝ್ ಮಕ್ಕಳು ಗುರುಗಳಿಗೆ ನೋಡದೆ ಒಪ್ಪಿಸುವುದೂ ಇದೇ ಕ್ರಮ. ಪುನರಾವರ್ತಿಸದಿದ್ದರೆ ಖುರ್‌ಆನ್, ಕಟ್ಟು ಬಿಚ್ಚಿಕೊಂಡ ಒಂಟೆಗಿಂತ ಬೇಗ ಕೈತಪ್ಪುವುದೆಂದು ಪ್ರವಾದಿಯವರು(ಸ) ಎಚ್ಚರಿಸಿದ್ದಾರೆ.

ಪಾಲಕರೇ, ಮಗ್ರಿಬ್ ಬಳಿಕ ಪುಸ್ತಕ ಮುಚ್ಚಿಸಿ ಪಾಠ ಹೇಳಿಸಿರಿ. ಮೂರು ದಿನ ಬಿಟ್ಟು ಮತ್ತೆ ಹೇಳಿಸಿರಿ. ಕಲಿತದ್ದು ನೆಲೆಯೂರಲು ನಿದ್ದೆಯೂ ಬೇಕು. ಅಕ್ಷರ ಬಾರದ ತಾಯಿಯೂ ಕುಳಿತು ಕೇಳಬಲ್ಲಳು. ಅದಕ್ಕೆ ಸಾಲ ಬೇಕಿಲ್ಲ.