ನಮ್ಮ ಕಸ ಯಾರ ಕೈಗೆ?

ಬೆಂಗಳೂರಿನಲ್ಲಿ ಮನೆ ಮಾಡಿದವರಿಗೆ ಕಾವೇರಿ ನೀರು ಬಿಡುವ ದಿನ ಎಷ್ಟು ಮುಖ್ಯವೋ ಕಸದ ಗಾಡಿ ಬರುವ ಹೊತ್ತೂ ಅಷ್ಟೇ ಮುಖ್ಯ. ಗಾಡಿ ಬಂತೇ, ಹೋಗೇಬಿಟ್ಟಿತೇ, ಇವತ್ತು ಒಣಕಸ ತಗೊಳ್ತಾರಾ? ನಮ್ಮ ಬೀದಿಯಲ್ಲಿ ಬೆಳಗಿನ ಮೊದಲ ಮಾತುಕತೆ ಇದೇ. ವರ್ಷಗಳಿಂದ ಈ ಗಾಡಿಗೆ ಕಸ ಕೊಡುತ್ತಾ, ಬೀದಿಯವರ ಪರವಾಗಿ ಗಾಡಿಯವರ ಜೊತೆ ಮಾತಾಡುತ್ತಾ, ಒಣಕಸ ಸಂಗ್ರಹಣಾ ಕೇಂದ್ರಕ್ಕೆ ಓಡಾಡುತ್ತಾ ನನಗೆ ಮನದಟ್ಟಾದ ಸಂಗತಿ ಒಂದಿದೆ. ನಮ್ಮ ಅಡುಗೆಮನೆಯಲ್ಲಿ ಬೇರೆಯಾಗದ ಕಸವನ್ನು ಮುಂದೆ ಯಾರೋ ಒಬ್ಬರು ಬರಿಗೈಯಲ್ಲಿ ಬೇರೆ ಮಾಡಬೇಕು. ಇಲ್ಲವಾದರೆ ಅದು ಯಾವುದೋ ಹಳ್ಳಿಯವರ ಬಾಗಿಲಿಗೆ ಹೋಗಿ ಬೀಳುತ್ತದೆ.

ಹಾಗೆ ಬಿದ್ದ ಹಳ್ಳಿಗಳ ಹೆಸರು ನಮಗೆಲ್ಲ ಗೊತ್ತಿರಬೇಕು. ಯಲಹಂಕದ ಆಚೆಯ ಮಾವಳ್ಳಿಪುರದಲ್ಲಿ ಜನ ರೊಚ್ಚಿಗೆದ್ದು 2012ರಲ್ಲಿ ಅಲ್ಲಿನ ಕಸದ ಗುಡ್ಡ ಬಂದ್ ಆದಾಗ ಬೆಂಗಳೂರಿನ ಬೀದಿಬೀದಿಯಲ್ಲೂ ಕಸ ಕೊಳೆಯಿತು. ಆಮೇಲೆ ಹೊರೆಯೆಲ್ಲ ಮಂಡೂರಿನ ಮೇಲೆ ಬಿತ್ತು. ಅಲ್ಲಿನವರು ಲಾರಿಗಳನ್ನು ತಡೆದು ಕೂತರು. 2014ರ ಡಿಸೆಂಬರಿನಲ್ಲಿ ಅದೂ ನಿಂತಿತು. ಹಸಿಕಸ, ಪ್ಲಾಸ್ಟಿಕ್ಕು, ಪ್ಯಾಡು ಎಲ್ಲವನ್ನೂ ಒಟ್ಟಿಗೆ ಗುಡ್ಡ ಹಾಕಿದರೆ ಒಳಗೆ ಗಾಳಿಯಾಡದೆ ಕೊಳೆತು ಮೀಥೇನ್ ಹುಟ್ಟುತ್ತದೆ, ಬೆಂಕಿ ಹತ್ತುತ್ತದೆ. ಕೆಳಗೆ ಇಳಿಯುವ ಕಪ್ಪು ರಸ ಬಾವಿ, ಬೋರ್‌ವೆಲ್ ಸೇರುತ್ತದೆ. ಆ ನೀರನ್ನು ಕುಡಿದವರು ನಾವಲ್ಲ. ಹೈಕೋರ್ಟ್ 2015ರ ಡಿಸೆಂಬರಿನಲ್ಲಿ ‘ಎರಡು ಬಕೆಟ್, ಒಂದು ಚೀಲ’ ಪದ್ಧತಿಯನ್ನು ಕಡ್ಡಾಯ ಮಾಡಿದ್ದರ ಹಿಂದೆ ಇಷ್ಟೆಲ್ಲ ಇತ್ತು. ಹಸಿಕಸಕ್ಕೆ ಹಸಿರು ಬಕೆಟ್, ಪ್ಯಾಡು ಡೈಪರಿನಂಥವಕ್ಕೆ ಕೆಂಪು ಬಕೆಟ್, ಒಣಕಸಕ್ಕೆ ಚೀಲ. ಮಾರನೆಯ ವರ್ಷ ಬಂದ ಕೇಂದ್ರದ ನಿಯಮಗಳೂ ಕಸ ಬೇರ್ಪಡಿಸುವ ಹೊಣೆಯನ್ನು ಮನೆಯವರ ಮೇಲೆಯೇ ಹಾಕಿದವು.

ನಿಯಮ ಓದಿದವರಿಗೆ ಗೊತ್ತಾಗದ್ದನ್ನು ಗಾಡಿಯವರು ಹೇಳಿಕೊಟ್ಟರು. ಹಸಿಕಸವನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಕೊಡುವ ಮನೆಗಳು ನಮ್ಮಲ್ಲಿ ಬಹಳ. ನಮ್ಮ ಗಾಡಿಯ ಹೆಣ್ಣುಮಗಳು ಒಂದು ದಿನ ಗೇಟಿನ ಮುಂದೆ ನಿಂತು, “ಅಕ್ಕಾ, ಕವರ್ ಕಟ್ಟಬ್ಯಾಡಿ ಅಂತ ಎಲ್ರಿಗೂ ಒಸಿ ಹೇಳಿ. ಒಂದೊಂದು ಗಂಟೂ ನಾನೇ ಹರೀಬೇಕು, ಮೈಮೇಲೆಲ್ಲ ಹಾರ್ತದೆ” ಅಂದಳು. ಬಕೆಟ್ಟಿನ ತಳಕ್ಕೆ ಹಳೇ ಪೇಪರ್ ಹಾಸಿ, ಸಾರು, ಮಜ್ಜಿಗೆಯ ನೀರನ್ನು ಸಿಂಕಿನಲ್ಲೇ ಬಸಿದು, ಉಳಿದದ್ದನ್ನು ನೇರವಾಗಿ ಸುರಿದರೆ ಆಯಿತು. ಮನೆಯಲ್ಲಿ ಹುಟ್ಟುವ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿಯದೇ. ಅದೊಂದು ಶುದ್ಧವಾಗಿದ್ದರೆ ಗೊಬ್ಬರವಾಗಿ ಹೊಲ ಸೇರುತ್ತದೆ. ಬ್ಲೇಡು, ಗಾಜಿನ ಚೂರು ಇರುವ ಗೊಬ್ಬರವನ್ನು ಯಾವ ರೈತ ತಾನೇ ಮುಟ್ಟುತ್ತಾನೆ?

ಒಣಕಸ ಕೇಂದ್ರವನ್ನು ಪ್ರತಿಯೊಬ್ಬರೂ ಒಮ್ಮೆಯಾದರೂ ಹೋಗಿ ನೋಡಬೇಕು. ತಗಡಿನ ಶೆಡ್ಡು, ಗೋಡೆಯುದ್ದಕ್ಕೂ ಚೀಲಗಳು. ನಡುವೆ ಸುರಿದ ರಾಶಿಯ ಮುಂದೆ ಹೆಂಗಸರು ಕುಕ್ಕರಗಾಲಿನಲ್ಲಿ ಕೂತು ಕಣ್ಣು ಮಿಟುಕಿಸುವಷ್ಟರಲ್ಲಿ ವಿಂಗಡಿಸುತ್ತಾರೆ: ನೀರಿನ ಬಾಟಲಿ ಒಂದು ಕಡೆ, ಶಾಂಪೂ ಡಬ್ಬಿ ಇನ್ನೊಂದು ಕಡೆ, ರಟ್ಟು, ಬಿಳಿ ಪೇಪರ್, ಬಣ್ಣದ ಪೇಪರ್, ಹಾಲಿನ ಕವರು. ಇವರಲ್ಲಿ ಹಲವರು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರು. ಪಾಲಿಕೆ 2011ರಲ್ಲಿ ಇಂಥವರಿಗೆ ಗುರುತಿನ ಚೀಟಿ ಕೊಡಲು ಶುರುಮಾಡಿತು. ಬೆಂಗಳೂರು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದನ್ನು ನಾನು ಮೊದಲ ಸಾಲಿನಲ್ಲಿ ಇಡುತ್ತೇನೆ. ಅಲ್ಲಿನ ಒಬ್ಬಾಕೆ ಹುಳಿತು ಅಂಟಿಕೊಂಡಿದ್ದ ಹಾಲಿನ ಕವರುಗಳ ಮುದ್ದೆಯೊಂದನ್ನು ಎತ್ತಿ ತೋರಿಸಿದಳು. “ಇದನ್ನ ಯಾರೂ ತಗೊಳಲ್ಲ ಅಕ್ಕ, ಹುಳ ಬಿದ್ದದೆ. ತೊಳೆದಿದ್ರೆ ಒಳ್ಳೇ ರೇಟ್ ಬರ್ತಿತ್ತು.” ಅವರ ದಿನದ ಸಂಪಾದನೆ ನಮ್ಮ ಸಿಂಕಿನಲ್ಲಿ ಒಂದು ಲೋಟ ನೀರಿನ ಮೇಲೆ ನಿಂತಿದೆ! ಇನ್ನೊಂದನ್ನೂ ಆಕೆಯೇ ಹೇಳಿದ್ದು. ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯಬಾರದು, ಅಂಟಿಕೊಂಡೇ ಇರುವಂತೆ ಸೀಳಬೇಕು. ಆ ಸಣ್ಣ ಚೂರನ್ನು ಹೆಕ್ಕಲು ಯಾರಿಂದಲೂ ಆಗುವುದಿಲ್ಲ, ಅದು ಹಸಿಕಸದ ಜೊತೆ ಗೊಬ್ಬರಕ್ಕೇ ಹೋಗುತ್ತದೆ. ಒಳಗೆ ಬೆಳ್ಳಿ ಬಣ್ಣ ಹೊಳೆಯುವ ಚಿಪ್ಸ್ ಪ್ಯಾಕೆಟ್ಟುಗಳಿಗಂತೂ ಗುಜರಿಯಲ್ಲಿ ಬೆಲೆಯಿಲ್ಲ. ಅಂಥವು ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಒಲೆಗೆ ಹೋಗುತ್ತವೆ. ಇದು ತಿಳಿದ ಮೇಲೆ ಅಂಗಡಿಯಲ್ಲಿ ನನ್ನ ಕೈ ತಾನಾಗಿ ಹಿಂದೆ ಸರಿಯುತ್ತದೆ.

ಜಾಗ ಇದ್ದವರು ಮನೆಯಲ್ಲೇ ಗೊಬ್ಬರ ಮಾಡಬಹುದು. ತೂತಿರುವ ಮಣ್ಣಿನ ಮಡಕೆ, ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ, ಸ್ವಲ್ಪ ಹುಳಿಮಜ್ಜಿಗೆ ಸಾಕು. ವಾಸನೆ ಬಂದರೆ ಒದ್ದೆ ಹೆಚ್ಚಾಗಿದೆ ಎಂದರ್ಥ. ಒಣ ಎಲೆ ಬೆರೆಸಿ ಕೈಯಾಡಿಸಿದರೆ ಸರಿಹೋಗುತ್ತದೆ.

ಬೀದಿ ಮೂಲೆಯ ರಾಶಿಯ ಬಗ್ಗೆ ನನ್ನ ಅಭಿಪ್ರಾಯ ಬಹಳ ಜನರಿಗೆ ಹಿಡಿಸಲಿಕ್ಕಿಲ್ಲ. ‘ಇಲ್ಲಿ ಕಸ ಹಾಕಿದರೆ ದಂಡ’ ಎಂಬ ಬೋರ್ಡು, ರಂಗೋಲಿ, ಗೋಡೆಗೆ ದೇವರ ಫೋಟೊ, ಎಲ್ಲವನ್ನೂ ನಮ್ಮ ಮೂಲೆ ಕಂಡಿದೆ. ಎಲ್ಲದರ ಮೇಲೂ ಕಸ ಬಿದ್ದಿದೆ. ಅಲ್ಲಿ ಹಾಕುವವರು ಯಾರೆಂದು ವಿಚಾರಿಸಿದಾಗ ಗೊತ್ತಾದದ್ದು, ಬೆಳಕು ಹರಿಯುವ ಮುಂಚೆ ಗಾರ್ಮೆಂಟ್ಸಿಗೆ, ಮನೆಗೆಲಸಕ್ಕೆ, ಸೆಕ್ಯೂರಿಟಿ ಡ್ಯೂಟಿಗೆ ಹೊರಡುವ ಬಾಡಿಗೆ ಮನೆಯವರು. ಗಾಡಿ ಬರುವಾಗ ಅವರ ಮನೆಗೆ ಬೀಗ. ಅವರನ್ನು ಬೈದು ಪ್ರಯೋಜನವಿಲ್ಲ. ಅಕ್ಕಪಕ್ಕದಲ್ಲಿ ಮನೆಯಲ್ಲಿರುವವರು ಅವರ ಬಕೆಟ್ಟನ್ನೂ ಕೊಡುವುದು ಎಂದು ಮಾತಾಡಿಕೊಂಡೆವು. ಮುಚ್ಚಳದ ಬಕೆಟ್ಟು, ನಾಯಿಗೆ ಸಿಗದಂತೆ ಗೇಟಿನ ಒಳಗೆ. ರಾಶಿ ಪೂರ್ತಿ ಹೋಗಿದೆ ಎನ್ನಲಾರೆ, ಆಯುಧಪೂಜೆಯ ಮಾರನೇ ದಿನ ಬಾಳೆಕಂದು, ಒಡೆದ ಬೂದುಗುಂಬಳ ಈಗಲೂ ಅಲ್ಲೇ ಬೀಳುತ್ತವೆ. ಆದರೆ ದಿನನಿತ್ಯದ ಕಸ ಬಹುಮಟ್ಟಿಗೆ ನಿಂತಿದೆ. ಸಂಜೆ ಒಂದು ಗಾಡಿ ಬಂದರೆ ಉಳಿದದ್ದೂ ನಿಲ್ಲುತ್ತದೆ ಎಂದು ನನ್ನ ನಂಬಿಕೆ.

2025ರಿಂದ ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕವನ್ನೂ ಕಟ್ಟುತ್ತಿದ್ದೇವೆ. “ದುಡ್ಡು ಕಟ್ಟಿದ ಮೇಲೆ ಬೇರೆ ಮಾಡೋದು ಅವರ ಕೆಲಸ” ಎನ್ನುವವರು ಬೀದಿಗೊಬ್ಬರು ಸಿಗುತ್ತಾರೆ. ಗಾಡಿ ಹೊತ್ತಿಗೆ ಸರಿಯಾಗಿ ಬರಬೇಕೆಂದು ಆ ದುಡ್ಡಿನ ಬಲದಲ್ಲಿ ಕೇಳೋಣ, ಜೋರಾಗಿಯೇ ಕೇಳೋಣ. ನಮ್ಮ ಮಗುವಿನ ಡೈಪರನ್ನು ಅನ್ನದ ರಾಶಿಯಿಂದ ಇನ್ನೊಬ್ಬ ತಾಯಿ ಹೆಕ್ಕಿ ತೆಗೆಯಲಿ ಎಂದು ಕೇಳುವ ಹಕ್ಕು ಯಾವ ಶುಲ್ಕದಿಂದಲೂ ಬರುವುದಿಲ್ಲ.

ಗಾಡಿಯ ಹೆಣ್ಣುಮಗಳ ಅಂಗೈಯಲ್ಲಿ ಉದ್ದಕ್ಕೂ ಒಂದು ಗಾಯದ ಕಲೆಯಿದೆ. ಯಾರದೋ ಮನೆಯ ಒಡೆದ ಬಲ್ಬು ಸೊಪ್ಪಿನ ಕಡ್ಡಿಗಳ ಒಳಗಿತ್ತು. ಗ್ಲೌಸು ಕೊಟ್ಟರೂ ಅದು ಹರಿಯಲು ಎಷ್ಟು ಹೊತ್ತು! ಆದ್ದರಿಂದ ಓದುವವರಲ್ಲಿ ನನ್ನದೊಂದು ಕೋರಿಕೆ. ಪ್ಯಾಡು, ಡೈಪರುಗಳನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ. ಗಾಜು, ಬ್ಲೇಡು, ಸೂಜಿಯನ್ನು ದಪ್ಪ ರಟ್ಟಿನಲ್ಲಿಟ್ಟು ಟೇಪು ಸುತ್ತಿ, ‘ಗಾಜು ಇದೆ, ಜೋಪಾನ’ ಎಂದು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಅದನ್ನು ಗಾಡಿಗೆ ಎಸೆಯಬೇಡಿ. ಒಳಗೇನಿದೆ ಎಂದು ಬಾಯಿಬಿಟ್ಟು ಹೇಳಿ, ಅವರ ಕೈಗೇ ಕೊಡಿ.