ಹೆಸರು ನಂಬಿ ಉಪ್ಪು ಹಾಕಿದೆ

ಅಂಗಡಿಯ ಗಾಜಿನ ತೊಟ್ಟಿಗೆ ‘ಬ್ಲೂ ಲಾಬ್‌ಸ್ಟರ್’ ಎಂಬ ಚೀಟಿ ಅಂಟಿಸಿದ್ದರು. ಬೆರಳುದ್ದದ ನೀಲಿ ಪ್ರಾಣಿ, ಮುಂದೆ ಇಕ್ಕಳದಂಥ ಎರಡು ಕಾಲು. ಮಗಳು ಅಲ್ಲಿಂದ ಕದಲಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಸರಸ್ವತಿಪುರಂನ ಮನೆಗೆ ತಂದೆವು.

ಲಾಬ್‌ಸ್ಟರ್ ಸಮುದ್ರದ್ದು ಎನ್ನುವಷ್ಟು ನನಗೂ ಗೊತ್ತಿತ್ತು. ಎರಡು ಹಿಡಿ ಕಲ್ಲುಪ್ಪು ಕರಗಿಸಿದೆ. ನಂಜನಗೂಡಿನ ಕಡೆ ಹೊಳೆದಂಡೆಯಲ್ಲಿ ಬೆಳೆದ ಅಮ್ಮ ಬಗ್ಗಿ ನೋಡಿ, “ಗದ್ದೆ ನಳ್ಳಿ ಇದ್ದಂಗದೆ ಕಣಪ್ಪ, ಇದಕ್ಯಾಕೆ ಉಪ್ಪು?” ಎಂದರು. ನಾನು ನಕ್ಕೆ. ವಾರದಲ್ಲಿ ತೊಟ್ಟಿಯ ಗಿಡಗಳು ಕಂದಿ ಕೊಳೆತವು. ಪ್ರಾಣಿ ಮೂಲೆ ಬಿಟ್ಟು ಅಲುಗಲಿಲ್ಲ.

ಜೀವಶಾಸ್ತ್ರ ಪಾಠ ಹೇಳುವ ಗೆಳೆಯನನ್ನು ಕರೆಸಿದೆ. “ಲಾಬ್‌ಸ್ಟರ್ ಅಲ್ಲ ಗುರು, ಕ್ರೇಫಿಶ್. ಸಿಹಿನೀರಿನದು,” ಎಂದ.

ಇಕ್ಕಳ ಇದೆಯಲ್ಲ ಎಂದು ವಾದಿಸಿದೆ. ನಾನು ಚಿತ್ರಗಳಲ್ಲಿ ಕಂಡ ದಪ್ಪ ಇಕ್ಕಳದ ಲಾಬ್‌ಸ್ಟರ್ ಅಟ್ಲಾಂಟಿಕ್ ಸಾಗರದ ತಣ್ಣೀರಿನದಂತೆ. ನಮ್ಮ ಅರಬ್ಬೀ ಸಮುದ್ರದಲ್ಲಿ ಸಿಗುವ ಲಾಬ್‌ಸ್ಟರ್‌ಗೆ ಆ ಇಕ್ಕಳವೇ ಇಲ್ಲ. ಮುಳ್ಳುಮುಳ್ಳಾದ ಉದ್ದನೆಯ ದಪ್ಪ ಮೀಸೆಯೇ ಅದರ ಗುರುತು. ಗಾತ್ರ ನೋಡಿಯೂ ಹೇಳುವಂತಿಲ್ಲ: ಟಾಸ್ಮೇನಿಯಾದ ಹೊಳೆಗಳಲ್ಲಿ ಕೆಲವು ಕಿಲೋ ತೂಗುವ ಕ್ರೇಫಿಶ್ ಇವೆ. ಭೇದ ಇರುವುದು ನೀರಿನಲ್ಲಿ ಮತ್ತು ಬಾಲ್ಯದಲ್ಲಿ. ಲಾಬ್‌ಸ್ಟರ್ ಮರಿ ತಾಯಿಯ ಹೋಲಿಕೆಯಿಲ್ಲದೆ ಕಡಲಿನಲ್ಲಿ ತೇಲುತ್ತ ರೂಪ ಬದಲಿಸುತ್ತದೆ. ಕ್ರೇಫಿಶ್ ಮರಿ ಮೊಟ್ಟೆಯಿಂದ ಬರುವಾಗಲೇ ಪುಟ್ಟ ಕ್ರೇಫಿಶ್. ಮೊದಮೊದಲು ತಾಯಿಯ ಹೊಟ್ಟೆಯಡಿಗೇ ಅಂಟಿಕೊಂಡಿರುತ್ತದೆ.

ನಲ್ಲಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿಟ್ಟು, ಕ್ಲೋರಿನ್ ಹೋಗಲು ಬಿಟ್ಟು, ಸ್ವಲ್ಪಸ್ವಲ್ಪವಾಗಿ ಬದಲಿಸಿದೆ. ಪ್ರಾಣಿ ಚೇತರಿಸಿಕೊಂಡಿತು, ಚೇತರಿಸಿಕೊಂಡು ಎರಡು ಗಪ್ಪಿ ಮೀನು ತಿಂದಿತು. ಒಂದು ಬೆಳಿಗ್ಗೆ ಅದು ಸತ್ತು ಬಿದ್ದಿದೆ ಎಂದುಕೊಂಡು ಎತ್ತಿ ಎಸೆದೆ. ಎಸೆದದ್ದು ಪೊರೆ! ಮೆತ್ತಗಿನ ಮೈಯ ಪ್ರಾಣಿ ಹೆಂಚಿನ ಚೂರಿನಡಿ ಅವಿತಿತ್ತು. ಹೊಸ ಚಿಪ್ಪು ಗಟ್ಟಿಯಾಗಲು ಬೇಕಾದ ಸುಣ್ಣದಂಶಕ್ಕಾಗಿ ಅದು ಹಳೆಯ ಪೊರೆಯನ್ನೇ ತಿನ್ನುತ್ತದೆ. ಅದರ ಊಟವನ್ನೇ ನಾನು ಕಸಕ್ಕೆ ಹಾಕಿದ್ದೆ. ಮತ್ತೊಂದು ರಾತ್ರಿ ಗಾಳಿಯ ಪೈಪು ಹಿಡಿದು ಹತ್ತಿ ಅಡುಗೆಮನೆ ಸೇರಿತ್ತು. ಆಮೇಲೆ ತೊಟ್ಟಿಗೆ ಮುಚ್ಚಳ ಬಂತು.

ಸಾಕಾಗಿ, ಕುಕ್ಕರಹಳ್ಳಿ ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳೋಣ ಎಂದೆ. ಗೆಳೆಯ ಸಿಟ್ಟಾದ. ಭಾರತದ ಯಾವ ಹೊಳೆಯಲ್ಲೂ ಕ್ರೇಫಿಶ್ ಮೂಲವಾಸಿಯಲ್ಲ. ಕೀನ್ಯಾದ ನೈವಾಶಾ ಸರೋವರಕ್ಕೆ 1970ರ ಸುಮಾರಿಗೆ ಅಮೆರಿಕದ ಕೆಂಪು ಕ್ರೇಫಿಶ್ ತಂದುಬಿಟ್ಟರು. ಅವು ನೀರೊಳಗಿನ ಗಿಡಗಳನ್ನೇ ಮೇಯ್ದು ಬರಿದು ಮಾಡಿದವು. “ಒಂದೇ ಒಂದು ತಾನೆ?” ಎಂದೆ. 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂಗಳಲ್ಲಿ ಕಂಡುಬಂದ ಮಾರ್ಬಲ್ಡ್ ಕ್ರೇಫಿಶ್‌ನ ಕತೆ ಹೇಳಿದ: ಅದರಲ್ಲಿ ಎಲ್ಲವೂ ಹೆಣ್ಣೇ, ಗಂಡಿಲ್ಲದೆಯೇ ಮರಿ ಹಾಕುತ್ತದೆ. ಅಂಥದ್ದಾದರೆ ಕೆರೆ ಕೆಡಲು ಒಂದೇ ಸಾಕು.

ಹಾಗಾಗಿ ಅದು ನಮ್ಮ ಮನೆಯಲ್ಲೇ ಉಳಿಯಿತು. ನಾನು ಪ್ರಾಣಿಯನ್ನು ನೋಡದೆ ಚೀಟಿಯನ್ನು ನೋಡಿ ಉಪ್ಪು ಹಾಕಿದ್ದೆ. ಈಗ ಏನು ತರುವ ಮೊದಲೂ ಎರಡು ಪ್ರಶ್ನೆ ಕೇಳುತ್ತೇನೆ: ಇದು ಯಾವ ನೀರಿನದು? ಬೇಡವಾದಾಗ ಎಲ್ಲಿಗೆ ಹೋಗುತ್ತದೆ?

ಅಮ್ಮ ಇವತ್ತಿಗೂ ಅದನ್ನು ‘ನಳ್ಳಿ’ ಎಂದೇ ಕರೆಯುತ್ತಾರೆ. ಆ ಹೆಸರೂ ತಪ್ಪೇ. ಆದರೆ ನೀರು ಸರಿಯಿದೆ.