ನಳದ ಕೆಲಸಕ್ಕೆ ಪರದೇಶಕ್ಕೆ ಹೊರಡುವ ಮುನ್ನ

ಈ ತಿಂಗಳ ಪಾಠಕ್ಕೆ ಪ್ರೇಷಿತರ ಕಾರ್ಯಕಲಾಪಗಳು 18ನೆಯ ಅಧ್ಯಾಯದ ಮೊದಲ ನಾಲ್ಕು ವಚನಗಳನ್ನು ಆರಿಸಿಕೊಂಡಿದ್ದೇವೆ. ಮನೆಯಲ್ಲಿ ಒಮ್ಮೆ ಎಲ್ಲರೂ ಕೂತು ಓದಿಕೊಳ್ಳಿರಿ. ಸಂತ ಪೌಲರು ಅಥೆನ್ಸಿನಿಂದ ಕೊರಿಂಥಕ್ಕೆ ಬರುತ್ತಾರೆ. ಊರು ಹೊಸದು. ಅಲ್ಲಿ ಅವರಿಗೆ ಸಿಕ್ಕವರು ಅಕ್ವಿಲ, ಪ್ರಿಸಿಲ್ಲ ಎಂಬ ದಂಪತಿ. ಅಕ್ವಿಲ ಹುಟ್ಟಿದ್ದು ಪೊಂತದಲ್ಲಿ. ಯೆಹೂದ್ಯರೆಲ್ಲ ರೋಮ್ ಬಿಡಬೇಕೆಂದು ಚಕ್ರವರ್ತಿ ಕ್ಲೌದಿಯ ಆಜ್ಞೆ ಮಾಡಿದ್ದರಿಂದ ಇಟಲಿಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದವರು ಅವರು. ಅವರದೂ ಪೌಲರದೂ ಒಂದೇ ಕಸುಬು, ಗುಡಾರ ಮಾಡುವುದು. ಆದ್ದರಿಂದ ಪೌಲರು ಅವರ ಮನೆಯಲ್ಲೇ ಉಳಿದು ಅವರೊಡನೆ ದುಡಿದರು. ಪರಊರಿನಲ್ಲಿ ಅವರಿಗೆ ಪರಿಚಯದ ಚೀಟಿ ಎಂದರೆ ಅವರ ಕೈಗಳೇ.

ಇಂದು ಕೈ ಒಂದೇ ಸಾಲದು. ಮಾಲಗಾಂವದ ಎಲೆತೋಟಗಳಿಗೆ ಪೈಪು ಎಳೆದು, ಮಿರಜ ಸಾಂಗಲಿಯ ಹೊಸ ಬಿಲ್ಡಿಂಗುಗಳಲ್ಲಿ ನಳ ಜೋಡಿಸಿ ಕೆಲಸ ಕಲಿತ ಹುಡುಗರು ನಮ್ಮಲ್ಲಿದ್ದಾರೆ. ಅವರಲ್ಲೊಬ್ಬ ಕೊಲ್ಲಿ ದೇಶಕ್ಕೆ ಹೋಗಿ ಎರಡು ವರ್ಷಕ್ಕೆ ಮರಳಿ ಬಂದ. ಎಂಟು ವರ್ಷ ಪ್ಲಂಬರ್ ಕೆಲಸ ಮಾಡಿದವನು ಅಲ್ಲಿ ಎರಡು ವರ್ಷವೂ ಪೈಪು ಹೊತ್ತ. ಕಾರಣ ಕೇಳಿದರೆ ಅವನ ವೀಸಾದಲ್ಲೂ ಕರಾರಿನಲ್ಲೂ ಬರೆದದ್ದು ‘ಹೆಲ್ಪರ್’ ಎಂದು. ಸಹಿ ಹಾಕುವಾಗ ಅವನು ಅದನ್ನು ಓದಿರಲಿಲ್ಲ. ಓದಿ ಹೇಳುವವರೂ ಪಕ್ಕದಲ್ಲಿರಲಿಲ್ಲ. ಪಗಾರ ಹೆಲ್ಪರನದು, ಸಾಲ ಮಾತ್ರ ಪ್ಲಂಬರನದು. ಆ ಸಾಲಕ್ಕೆ ಒತ್ತಿ ಇಟ್ಟ ಹೊಲ ಇನ್ನೂ ಬಿಡಿಸಿಲ್ಲ. ಅದಕ್ಕೇ ಈ ಪಾಠ.

ಮೊದಲು ಕಲಿತದ್ದಕ್ಕೆ ಕಾಗದ ಮಾಡಿಸಿಕೊಳ್ಳಬೇಕು. ಐಟಿಐಯಲ್ಲಿ ಪ್ಲಂಬರ್ ಟ್ರೇಡ್ ಒಂದು ವರ್ಷದ್ದು. ವಯಸ್ಸಾಯಿತು, ಮತ್ತೆ ಬೆಂಚಿನ ಮೇಲೆ ಕೂರಲಾರೆ ಎನ್ನುವವರು ಮೇಸ್ತ್ರಿಯ ಕೈಕೆಳಗೆ ಕಲಿತದ್ದನ್ನೇ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಸರಕಾರದ ಕೌಶಲ್ಯ ಯೋಜನೆಯಲ್ಲಿದೆ. ಆರ್‌ಪಿಎಲ್ ಎಂದು ಕೇಳಿದರೆ ತಿಳಿಸುತ್ತಾರೆ. ಸೌದಿ ಅರೇಬಿಯವಂತೂ ಈಗ ಕೌಶಲ್ಯ ಪರೀಕ್ಷೆಯನ್ನೇ ಕಡ್ಡಾಯ ಮಾಡಿದೆ. ಅದು ಮೊದಲು ಹಿಡಿದುಕೊಂಡ ಐದು ಕಸುಬುಗಳಲ್ಲಿ ಪ್ಲಂಬರ್ ಕೆಲಸವೂ ಒಂದು. ಲೇಖಿ ಪ್ರಶ್ನೆಯೂ ಇದೆ, ಕೈಯಿಂದ ಮಾಡಿ ತೋರಿಸುವುದೂ ಇದೆ. ಪರೀಕ್ಷೆ ಭಾರತದಲ್ಲೇ ನಡೆಯುತ್ತದೆ. ನಮ್ಮವರಿಗೆ ಕೈಕೆಲಸದ ಭಯವಿಲ್ಲ, ಪ್ರಶ್ನೆಪತ್ರಿಕೆಯ ಭಯ.

ಇನ್ನು ಏಜೆಂಟರ ಮಾತು. 1983ರ ವಲಸೆ ಕಾಯ್ದೆಯ ಪ್ರಕಾರ ಪರದೇಶಕ್ಕೆ ಆಳು ಕಳುಹಿಸುವವನು ಕೇಂದ್ರ ಸರಕಾರದಲ್ಲಿ ನೋಂದಾಯಿಸಿರಬೇಕು. ನೋಂದಣಿ ಇದೆಯೋ ಇಲ್ಲವೋ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರೂ ನೋಡಬಹುದು. ಚಹದಂಗಡಿಯಲ್ಲಿ ಕೂತು ಪಾಸ್‌ಪೋರ್ಟ್ ಕೇಳುವ ‘ಸಬ್ ಏಜೆಂಟ’ನಿಗೆ ಕಾನೂನಿನಲ್ಲಿ ಜಾಗವೇ ಇಲ್ಲ, ಅವನು ನಮ್ಮ ಬೀಗನೇ ಆಗಿದ್ದರೂ. ನೋಂದಾಯಿತ ಏಜೆಂಟ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ರಸೀದಿ ಕೊಡಲೇಬೇಕು. ಲಕ್ಷ, ಒಂದೂವರೆ ಲಕ್ಷ ಎಂದು ನಗದು ಕೇಳಿದರೆ ಅಲ್ಲಿಂದ ಎದ್ದು ಬನ್ನಿರಿ.

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ದರ್ಜೆಯದು. ಅಂಥವರು ಸೌದಿ, ಕುವೈತ್, ಕತಾರ್, ಒಮಾನ್, ಯುಎಇ, ಮಲೇಷ್ಯ ಮುಂತಾದ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರಕಾರದ ವಲಸೆ ಅನುಮತಿ ಬೇಕು. ಇದನ್ನು ಕಿರಿಕಿರಿ ಎಂದು ತಿಳಿದು ವಿಸಿಟ್ ವೀಸಾದಲ್ಲಿ ಹೋಗುವವರಿದ್ದಾರೆ. ಹಾಗೆ ಹೋದವನ ಕರಾರು ಸರಕಾರದ ಬಳಿ ಇರುವುದಿಲ್ಲ. ಪಗಾರ ನಿಂತರೆ ತೋರಿಸಲು ಏನೂ ಇಲ್ಲ. ಅನುಮತಿಯ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಬರುತ್ತದೆ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷ ರೂಪಾಯಿ. ಕಂತು ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375.

ಕರಾರು ಓದುವಾಗ ಮೊದಲು ಕೆಲಸದ ಹೆಸರು ನೋಡಿರಿ, ಆಮೇಲೆ ‘ಬೇಸಿಕ್’ ಪಗಾರ. ಊಟ, ವಸತಿ, ಓವರ್‌ಟೈಮ್ ಎಲ್ಲ ಕೂಡಿಸಿ ದೊಡ್ಡ ಮೊತ್ತ ತೋರಿಸುವುದು ರೂಢಿ. ಆದರೆ ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಬೇಸಿಕ್ ಮೇಲೆಯೇ ಲೆಕ್ಕ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್. ಆ ದೇಶದ ಕೆಲಸದ ಪ್ರಸ್ತಾವಪತ್ರ ಅರಬಿ, ಇಂಗ್ಲಿಷುಗಳ ಜೊತೆಗೆ ಕೆಲಸಗಾರನಿಗೆ ತಿಳಿಯುವ ಮೂರನೆಯ ಭಾಷೆಯಲ್ಲೂ ಇರಬೇಕು. ಹಿಂದಿ, ತಮಿಳು, ಮಲಯಾಳ ಆ ಪಟ್ಟಿಯಲ್ಲಿವೆ. ಕನ್ನಡವಿಲ್ಲ, ಮರಾಠಿಯೂ ಇಲ್ಲ. ಹಿಂದಿಯದನ್ನು ಕೇಳಿ ಪಡೆಯಿರಿ. ಮರಾಠಿ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳಿಗೆ ಆ ಲಿಪಿ ಬರುತ್ತದೆ. ಗಡಿಯಲ್ಲಿ ಹುಟ್ಟಿದ್ದರ ಒಂದು ಲಾಭ ಇದು.

ಯುರೋಪಿನ ಮಾತೇ ಬೇರೆ. ಅಲ್ಲಿ ಪ್ಲಂಬಿಂಗ್ ಎಂದರೆ ಅರ್ಧ ಕೆಲಸ ಮನೆ ಬೆಚ್ಚಗಿಡುವುದು. ನಾವು ಕಲಿತದ್ದು ಮಾಳಿಗೆಯ ಟ್ಯಾಂಕಿನಿಂದ ತಾನಾಗಿ ಇಳಿಯುವ ನೀರು. ಅಲ್ಲಿಯ ಹೀಟಿಂಗ್ ಲೈನಿನಲ್ಲಿ ಅದೇ ನೀರು ಮುಚ್ಚಿದ ಪೈಪಿನೊಳಗೆ ಒತ್ತಡದಲ್ಲಿ ಸುತ್ತುತ್ತದೆ. ಕಾದ ನೀರು ಹಿಗ್ಗುತ್ತದೆ, ಅದಕ್ಕೆ ಜಾಗ ಕೊಡಲು ಬೇರೆ ಪಾತ್ರೆ ಜೋಡಿಸಿರುತ್ತಾರೆ. ಚಳಿಗೆ ಹೆಪ್ಪುಗಟ್ಟಿದರೂ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗಿ ಪೈಪು ಒಡೆಯುತ್ತದೆ. ಜರ್ಮನಿಯಲ್ಲಿ ನಳ, ಹೀಟಿಂಗ್, ಗಾಳಿ ವ್ಯವಸ್ಥೆ ಮೂರೂ ಕೂಡಿ ಒಂದೇ ಕಸುಬು, ಕಲಿಯಲು ಮೂರೂವರೆ ವರ್ಷ. ಬ್ರಿಟನ್ನಿನಲ್ಲಿ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಹೆಸರಿಲ್ಲದವನು ಗ್ಯಾಸ್ ಬಾಯ್ಲರ್ ಕೆಲಸ ಮಾಡುವುದು ಅಪರಾಧ. 2024ರಲ್ಲಿ ನಮ್ಮ ಮಹಾರಾಷ್ಟ್ರ ಸರಕಾರ ಜರ್ಮನಿಯ ಬಾಡನ್-ವುರ್ಟೆಂಬರ್ಗ್ ರಾಜ್ಯದೊಡನೆ ಕುಶಲ ಕೆಲಸಗಾರರನ್ನು ಕಳುಹಿಸುವ ಒಪ್ಪಂದ ಮಾಡಿಕೊಂಡಿದೆ. ಆ ದಾರಿ ಹಿಡಿಯುವವರು ಮೊದಲು ಜರ್ಮನ್ ಭಾಷೆ ಕಲಿಯಬೇಕು. ಇಪ್ಪತ್ತರ ಹುಡುಗರಿಗೆ ಅದು ಆಗುವ ಕೆಲಸ. ನಲವತ್ತು ದಾಟಿದವರಿಗೆ ನಾವು ಕೊಲ್ಲಿಯನ್ನೇ ಹೇಳುತ್ತೇವೆ.

ಜಗದ್ಗುರು ಎರಡನೆಯ ಜಾನ್ ಪಾಲರು 1981ರ ‘ಲಬೋರೆಮ್ ಎಕ್ಸರ್ಚೆನ್ಸ್’ ವಿಶ್ವಪತ್ರದಲ್ಲಿ ದುಡಿಮೆಗಾಗಿ ದೇಶ ಬಿಡುವುದೂ ಮರಳಿ ಬರುವುದೂ ಮನುಷ್ಯನ ಹಕ್ಕು ಎಂದಿದ್ದಾರೆ. ಪರದೇಶದವನೆಂಬ ಕಾರಣಕ್ಕೆ ಅವನ ದುಡಿಮೆಯ ಹಕ್ಕು ಕಡಿಮೆಯಾಗಬಾರದು ಎಂದೂ ಹೇಳಿದ್ದಾರೆ. ಕೈಯಲ್ಲಿ ಕಾಗದವಿದ್ದವನು ಆ ಹಕ್ಕನ್ನು ಕೇಳಬಲ್ಲ.

ಪೌಲರಿಗೆ ಅಕ್ವಿಲನ ಮನೆ ಸಿಕ್ಕಿತು. ನಮ್ಮಲ್ಲೂ ಹೋಗಿ ಬಂದವರ ಮನೆಗಳಿವೆ. ಹೊರಡುವವರು ಒಂದು ಸಂಜೆ ಅಲ್ಲಿ ಕೂತು ಕೇಳಿಕೊಳ್ಳಿರಿ. ಭಾನುವಾರ ಕನ್ನಡ ಬಲಿಪೂಜೆಯ ನಂತರ ದೇವಾಲಯದ ಹಿಂದಿನ ಕೋಣೆಯಲ್ಲಿ ಕರಾರು ಓದಿ ಹೇಳುವವರು ನಮ್ಮಲ್ಲಿ ಇಬ್ಬರು ಇರುತ್ತಾರೆ, ಒಬ್ಬರು ಇಂಗ್ಲಿಷಿಗೆ, ಒಬ್ಬರು ಹಿಂದಿಗೆ. ಪಾಸ್‌ಪೋರ್ಟ್, ಕರಾರು, ಏಜೆಂಟನ ನೋಂದಣಿ ಸಂಖ್ಯೆ ಮೂರನ್ನೂ ತನ್ನಿರಿ. ಸಹಿ ಮಾತ್ರ ಹಾಕಿ ತರಬೇಡಿರಿ.